ಮೇಲೆ ಬರೆಯುವ ಆ ಒಂದು

35ಕ್ಕೆ 45 ಕೂಡಿಸಿದರೆ 710. ಎರಡನೇ ಕ್ಲಾಸಿನ ಮಕ್ಕಳ ನೋಟ್‌ಬುಕ್ ತಿರುವಿ ನೋಡಿದವರಿಗೆ ಇಂಥ ಉತ್ತರ ಹೊಸದಲ್ಲ. ಐದೂ ಐದೂ ಹತ್ತು, ಅದನ್ನು ಕೆಳಗೆ ಬರೆದಾಯಿತು. ಮೂರೂ ನಾಲ್ಕೂ ಏಳು, ಅದನ್ನೂ ಬರೆದಾಯಿತು. ಎರಡು ಕಡೆಯೂ ಕೂಡಿಸಿದ್ದು ಸರಿಯಾಗಿಯೇ ಇದೆ. ಸೇರಿಸಿ ಓದಿದರೆ ಮಾತ್ರ ಏಳುನೂರ ಹತ್ತು. ಎರಡನೇ ಕ್ಲಾಸಿನಲ್ಲಿ ತಪ್ಪು ಮಾಡುವುದು ದೊಡ್ಡ ವಿಷಯವೇನಲ್ಲ. ಆದರೆ ಐವತ್ತೂ ದಾಟದ ಎರಡು ಸಂಖ್ಯೆ ಸೇರಿ ಏಳುನೂರು ದಾಟಿದರೂ ಮಗುವಿಗೆ ಏನೂ ಅನ್ನಿಸುವುದಿಲ್ಲವಲ್ಲ, ಅದು ನನ್ನನ್ನು ತುಂಬಾ ಕಾಲದಿಂದ ಕಾಡುತ್ತಿದೆ. ಪುಸ್ತಕದಲ್ಲಿ ಬರೆದದ್ದು ಎಷ್ಟು ಅನ್ನುವುದೇ ಮಗುವಿನ ತಲೆಗೆ ಹೋಗಿರುವುದಿಲ್ಲ. ಅಲ್ಲಿರುವುದು ಬರೀ ಅಂಕಿಗಳು.

ಮುಂಬಯಿಯ ವಡಾಲಾದಲ್ಲಿ ನಾವು ಕೆಲವರು ಸೇರಿ ಸಂಜೆ ಹೊತ್ತು ಮಕ್ಕಳನ್ನು ಓದಿಗೆ ಕೂರಿಸುತ್ತೇವೆ. ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಕೆಲವರು ಮಹಾನಗರಪಾಲಿಕೆಯ ಕನ್ನಡ ಶಾಲೆಗೆ ಹೋಗುತ್ತಾರೆ, ಕೆಲವರು ಮರಾಠಿಗೆ, ಈಗೀಗ ಜಾಸ್ತಿ ಜನ ಇಂಗ್ಲಿಷಿಗೆ. ಯಾವ ಶಾಲೆಯಿಂದ ಬಂದರೂ ದಶಕದ ಲೆಕ್ಕ, ಅಂದರೆ ಬಿಡಿಗಳು ಸೇರಿ ಹತ್ತು ಮುಟ್ಟುವ ಲೆಕ್ಕ, ಬಂದಾಗ ಎಲ್ಲರೂ ಒಂದೇ ಕಡೆ ಎಡವುತ್ತಾರೆ.

ಮೇಲೆ ಬರೆದ 710 ಅಲ್ಲಿನ ಒಂದು ಹುಡುಗಿಯದು. ಅವಳ ಅಮ್ಮ ಮಾಟುಂಗಾ ಸ್ಟೇಷನ್ ಹತ್ತಿರ ಹೂವು ಮಾರುತ್ತಾರೆ. ಹಬ್ಬದ ಹಿಂದಿನ ದಿನ ಹೂವು ತರಲು ಹೋಗಿದ್ದೆ. ಅಮ್ಮ ಕಟ್ಟುತ್ತಾ ಕೂತಿದ್ದರು, ದುಡ್ಡು ನೋಡಿಕೊಳ್ಳುವುದು ಮಗಳು. ನನ್ನ ಮುಂದೆ ನಿಂತಿದ್ದವರು ಮೂವತ್ತೈದರ ಗಜರೆ ಒಂದು, ನಲವತ್ತೈದರ ಹಾರ ಒಂದು ತಗೊಂಡು ನೂರರ ನೋಟು ಕೊಟ್ಟರು. ಹುಡುಗಿ ತಲೆ ಎತ್ತಲೂ ಇಲ್ಲ. ಡಬ್ಬಿಯಿಂದ ಇಪ್ಪತ್ತು ತೆಗೆದು ಕೈಗಿಟ್ಟಳು. ಹೇಗೆ ಲೆಕ್ಕ ಹಾಕಿದೆ ಅಂತ ಕೇಳಿದೆ. "ಮೂವತ್ತು, ನಲವತ್ತು, ಎಪ್ಪತ್ತಾತ್ರಿ ಟೀಚರ್. ಐದು, ಐದು, ಹತ್ತು. ಎಂಬತ್ತು" ಅಂದಳು. ಇಷ್ಟು ಸುಲಭದ್ದನ್ನು ಯಾಕೆ ಕೇಳುತ್ತಾರೆ ಅನ್ನುವ ಹಾಗಿತ್ತು ಮುಖ. ಮುಂದಿನ ವಾರ ಅದೇ ಎರಡು ಸಂಖ್ಯೆಯನ್ನು ಒಂದರ ಕೆಳಗೆ ಒಂದು ಬರೆದು ಕೊಟ್ಟಾಗ ಬಂದದ್ದು 710.

"ಅಮ್ಮನ ಹತ್ತಿರ ಗಜರೆಗೂ ಹಾರಕ್ಕೂ ಎಷ್ಟಾಯಿತು?" ಅಂತ ಕೇಳಿದೆ.

"ಎಂಬತ್ತು."

"ಮತ್ತೆ ಇದು?"

"ಇದು ಶಾಲೀದು ರೀ."

ಅವಳ ಮಟ್ಟಿಗೆ ಅವು ಎರಡು ಬೇರೆ ಬೇರೆ ಲೆಕ್ಕ. ಒಂದು ಹೂವಿನದು, ಇನ್ನೊಂದು ಶಾಲೆಯದು. ಎರಡರ ಉತ್ತರ ಒಂದೇ ಇರಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಇದು ಅವಳೊಬ್ಬಳ ಕತೆಯಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಸಂಶೋಧಕಿ ಟೆರೆಝಿನ್ಯಾ ನ್ಯೂನೆಸ್ ಮತ್ತು ಅವರ ಜೊತೆಗಾರರು ಮಾತನಾಡಿಸಿ, 1985ರಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ಗಾಡಿಯ ಮುಂದೆ ಗಿರಾಕಿಯಾಗಿ ನಿಂತು ಕೇಳಿದಾಗ ಮಕ್ಕಳು ಹೆಚ್ಚುಕಡಿಮೆ ಎಲ್ಲ ಲೆಕ್ಕವನ್ನೂ ಸರಿಯಾಗಿ ಹೇಳಿದರು. ಅದೇ ಸಂಖ್ಯೆಗಳನ್ನು ಬರೀ ಲೆಕ್ಕವಾಗಿ ಕಾಗದದ ಮೇಲೆ ಕೊಟ್ಟಾಗ ಅರ್ಧದಷ್ಟೂ ಸರಿ ಬರಲಿಲ್ಲ. ನಮ್ಮ ದೇಶದಲ್ಲೂ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ದೆಹಲಿ, ಕೋಲ್ಕತಾ ಸಂತೆಗಳಲ್ಲಿ ದುಡಿಯುವ ಮಕ್ಕಳನ್ನು ಹೀಗೇ ನೋಡಿದರು. ಅದು 2025ರಲ್ಲಿ ಪ್ರಕಟವಾಯಿತು. ಅವರು ಇನ್ನೊಂದು ಕಡೆಯಿಂದಲೂ ನೋಡಿದರು. ಸಂತೆಯಲ್ಲಿ ದುಡಿಯದೆ ಬರೀ ಶಾಲೆಗೆ ಹೋಗುವ ಮಕ್ಕಳಿಗೆ ಸಂತೆಯ ಲೆಕ್ಕ ಕೊಟ್ಟರೆ ಅವರೂ ತಡವರಿಸಿದರು. ಹೂವಿನ ಹುಡುಗಿಗೆ ಲೆಕ್ಕ ಬರುವುದಿಲ್ಲ ಅನ್ನುವವರು ಇದನ್ನು ಒಮ್ಮೆ ಓದಬೇಕು ಅಂತ ನನಗೆ ಅನ್ನಿಸುತ್ತದೆ. ಅವಳಿಗೆ ಬರುತ್ತದೆ. ಬರುವುದನ್ನು ಬರೆಯುವುದಕ್ಕೆ ಜೋಡಿಸಿ ಕೊಡುವುದು ದೊಡ್ಡವರ ಕೆಲಸ.

ಒಂದು ಅಂದರೆ ಎಷ್ಟು

ಜೋಡಿಸುವುದು ಎಲ್ಲಿ ತಪ್ಪುತ್ತದೆ? ಮೇಲೆ ಬರೆಯುವ ಆ ಚಿಕ್ಕ ಒಂದರಲ್ಲಿ. "ಎಂಟೂ ಏಳೂ ಹದಿನೈದು. ಹದಿನೈದರ ಐದು ಕೆಳಗೆ, ದಶಕ ಒಂದು ಮೇಲೆ." ನಾವೆಲ್ಲ ಹೀಗೇ ಕಲಿತವರು. ಕೆಲವರ ಮನೆಯಲ್ಲಿ "ಕೈಯಲ್ಲಿ ಒಂದು" ಅನ್ನುತ್ತಿದ್ದರು. ಇಲ್ಲಿನ ಮರಾಠಿ ಶಾಲೆಯಲ್ಲಿ ಹಾತಚಾ ಅನ್ನುತ್ತಾರೆ, ಇಂಗ್ಲಿಷ್ ಶಾಲೆಯ ಮಕ್ಕಳು ಕ್ಯಾರಿ ಅನ್ನುತ್ತಾರೆ. ಮಗು ಕೇಳಿಸಿಕೊಳ್ಳುವುದು ಬರೀ ಒಂದು ಅಂತ. ಮೇಲೆ ಇಡು ಅಂದರು, ಇಟ್ಟಿತು. ಯಾಕೆ ಅಂತ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸ ಎಷ್ಟು ದಿನ ನೆನಪಿರುತ್ತದೆ ಹೇಳಿ.

ತಪ್ಪು ಉತ್ತರಗಳನ್ನು ಕೂತು ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 38ಕ್ಕೆ 27 ಕೂಡಿಸು ಅಂದಾಗ 515 ಬರೆದ ಮಗುವಿಗೆ ಒಂದು ಮನೆಯಲ್ಲಿ ಒಂದೇ ಅಂಕಿ ಕೂರಬೇಕು ಅನ್ನುವುದು ಗೊತ್ತಿಲ್ಲ. 55 ಬರೆದ ಮಗು ಹದಿನೈದರ ಹತ್ತನ್ನು ಎಲ್ಲೋ ಬಿಟ್ಟು ಬಂದಿದೆ. 101 ಬರೆದ ಮಗು ಐದನ್ನು ಮೇಲಕ್ಕೆ ಕಳಿಸಿ ಒಂದನ್ನು ಕೆಳಗೆ ಇಟ್ಟುಕೊಂಡಿದೆ. ಅದಕ್ಕೆ ಆ ಎರಡು ಅಂಕಿಯಲ್ಲಿ ಯಾವುದು ದೊಡ್ಡದು ಅನ್ನುವುದೇ ಗೊತ್ತಿಲ್ಲ. ಮೂರಕ್ಕೂ ಕೆಂಪು ಪೆನ್ನಿನಲ್ಲಿ ಒಂದೇ ಥರದ ಅಡ್ಡಗೀಟು ಬೀಳುತ್ತದೆ. ಮೂರು ಮಕ್ಕಳಿಗೂ ಬೇಕಾದ ಸಹಾಯ ಮಾತ್ರ ಬೇರೆ ಬೇರೆ.

ಕಾನ್‌ಸ್ಟನ್ಸ್ ಕಮಿ ಅಂತ ಒಬ್ಬ ಶಿಕ್ಷಣ ತಜ್ಞೆ. ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಅವರ ಜೊತೆ ಜಿನೀವಾದಲ್ಲಿ ಕೆಲಸ ಮಾಡಿದವರು. ಅವರು ಮಕ್ಕಳಿಗೆ ಒಂದು ಸಣ್ಣ ಪರೀಕ್ಷೆ ಕೊಡುತ್ತಿದ್ದರು. ಕಾಗದದ ಮೇಲೆ 16 ಬರೆದು, ಅಷ್ಟು ಬಿಲ್ಲೆ ಎಣಿಸಿ ಇಡು ಅನ್ನುವುದು. ಆಮೇಲೆ 6ನ್ನು ತೋರಿಸಿ, ಇದು ಇಲ್ಲಿ ಯಾವುದು ಅನ್ನುವುದು. ಮಗು ಆರು ಬಿಲ್ಲೆ ತೋರಿಸುತ್ತದೆ. ಆಮೇಲೆ 1ನ್ನು ತೋರಿಸಿ ಅದೇ ಪ್ರಶ್ನೆ. ಎಷ್ಟೋ ಮಕ್ಕಳು ಒಂದೇ ಬಿಲ್ಲೆ ತೋರಿಸುತ್ತಾರೆ. ಉಳಿದ ಒಂಬತ್ತು ಬಿಲ್ಲೆ ಯಾರದ್ದೂ ಅಲ್ಲದೆ ಅಲ್ಲೇ ಬಿದ್ದಿರುತ್ತವೆ.

ನಾನು ಇದನ್ನು ಹುಣಸೆ ಬೀಜದಲ್ಲಿ ಮಾಡಿಸಿದೆ. ಕೂಡು ಲೆಕ್ಕದಲ್ಲಿ ತುಂಬಾ ಚುರುಕು ಅನ್ನಿಸಿಕೊಂಡ ಹುಡುಗ. ದಶಕ ಮೇಲೆ ಇಡುವುದನ್ನು ಒಮ್ಮೆಯೂ ಮರೆಯುತ್ತಿರಲಿಲ್ಲ. ಆರು ಬೀಜ ತೋರಿಸಿದ. 1 ಯಾವುದು ಅಂದಾಗ ಒಂದು ಬೀಜ ಮುಂದೆ ತಳ್ಳಿದ. "ಮತ್ತೆ ಇವು?" ಅಂತ ಉಳಿದದ್ದನ್ನು ತೋರಿಸಿದೆ. ಬಹಳ ಹೊತ್ತು ನೋಡಿದ. 16ರ ಕಡೆ ನೋಡಿದ, ಬೀಜದ ಕಡೆ ನೋಡಿದ. ಮತ್ತೆ ಎಣಿಸಿದ. "ಇವು ಹೆಚ್ಚಿಗಿ ಆಗ್ಯಾವ್ರಿ" ಅಂದ. ತಾನೇ ಎಣಿಸಿ ಇಟ್ಟ ಹದಿನಾರು ಬೀಜದಲ್ಲಿ ಒಂಬತ್ತು ಹೆಚ್ಚಿಗೆ ಅಂತ ಹೇಳಲು ಅವನು ತಯಾರಿದ್ದ. ಬರೆದ ಅಂಕಿ ತಪ್ಪಾಗಿರಬಹುದು ಅಂತಲೂ ಅವನಿಗೆ ಅನ್ನಿಸಲಿಲ್ಲ, ತನಗೆ ಅದು ಅರ್ಥವಾಗಿಲ್ಲ ಅಂತಲೂ ಅನ್ನಿಸಲಿಲ್ಲ. ಅವನ ನೋಟ್‌ಬುಕ್ ತುಂಬಾ ಸರಿ ಗುರುತುಗಳೇ ಇದ್ದವು.

ಆವತ್ತಿನಿಂದ ನನಗೆ ಸರಿ ಉತ್ತರದ ಮೇಲೆ ಅಷ್ಟಾಗಿ ನಂಬಿಕೆ ಇಲ್ಲ. 710 ಬರೆದವಳಿಗಿಂತ ಇವನ ಬಗ್ಗೆ ಜಾಸ್ತಿ ಯೋಚನೆ ಆಗುತ್ತದೆ. ಅವಳ ತಪ್ಪು ಎಲ್ಲರಿಗೂ ಕಾಣುತ್ತದೆ. ಇವನದು ಗುಣಾಕಾರಕ್ಕೆ ಹೋಗುವ ತನಕ ಯಾರಿಗೂ ಕಾಣುವುದಿಲ್ಲ.

ಕಟ್ಟು, ನೋಟು, ಅಂಕಿ

ಹತ್ತನ್ನು ಕೈಯಲ್ಲಿ ಹಿಡಿಯದೆ ಈ ಪಾಠ ಶುರು ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮಲ್ಲಿ ಐಸ್‌ಕ್ರೀಮ್ ಕಡ್ಡಿ ಮತ್ತು ರಬ್ಬರ್ ಬ್ಯಾಂಡ್ ಇವೆ. ಇದು ಎಲ್ಲ ಶಾಲೆಯಲ್ಲೂ ಇರುತ್ತದೆ, ಹೊಸದೇನಲ್ಲ. ಆದರೆ ಹೆಚ್ಚಿನ ಕಡೆ ಹತ್ತರ ಕಟ್ಟನ್ನು ಟೀಚರ್ ಮೊದಲೇ ಕಟ್ಟಿ ತಂದಿರುತ್ತಾರೆ. ಮಗು ಅದನ್ನು ನೋಡುತ್ತದೆ ಅಷ್ಟೇ. ಕಟ್ಟುವ ಕೆಲಸವೇ ದಶಕದ ಪಾಠ. 38 ಅಂದರೆ ಮೂರು ಕಟ್ಟು, ಎಂಟು ಬಿಡಿ. 27 ಅಂದರೆ ಎರಡು ಕಟ್ಟು, ಏಳು ಬಿಡಿ. ಬಿಡಿ ಎಲ್ಲ ಒಟ್ಟು ಹಾಕು. ಹದಿನೈದು ಕಡ್ಡಿ ಚೆಲ್ಲಾಡಿವೆ. ಅದರಲ್ಲಿ ಹತ್ತು ಎಣಿಸು, ರಬ್ಬರ್ ಹಾಕು, ಕಟ್ಟುಗಳ ಜೊತೆ ಇಡು. ಮಗುವಿನ ಬೆರಳು ರಬ್ಬರ್ ಎಳೆದು ಸುತ್ತುವಾಗ ತೆಗೆದುಕೊಳ್ಳುವ ಸಮಯ ಇದೆಯಲ್ಲ, ಅಷ್ಟು ಸಮಯ ಆ ಹತ್ತು ಅದರ ಕೈಯಲ್ಲಿ ಇರುತ್ತದೆ. ಅವಸರ ಮಾಡಬೇಡಿ.

ಇದಕ್ಕೂ ಮುಂಚೆ ಎಂಟಕ್ಕೆ ಎಷ್ಟು ಸೇರಿಸಿದರೆ ಹತ್ತು ಅನ್ನುವುದು ಬಾಯಲ್ಲಿ ಸಲೀಸಾಗಿ ಬರಬೇಕು. ಅದಿಲ್ಲದಿದ್ದರೆ ಮಗು ಪ್ರತಿ ಸಲ ಬೆರಳು ಮಡಿಸಿ ಒಂದರಿಂದ ಎಣಿಸುತ್ತದೆ. ಅಷ್ಟರಲ್ಲಿ ಲೆಕ್ಕ ಯಾವುದು ಅಂತಲೇ ಮರೆತಿರುತ್ತದೆ. ಇದಕ್ಕೆ ಮೊಟ್ಟೆಯ ಟ್ರೇ ತುಂಬಾ ಒಳ್ಳೆಯದು. ಮೂವತ್ತು ಮೊಟ್ಟೆಯ ಟ್ರೇಯಲ್ಲಿ ಐದೈದು ಗುಳಿಯ ಆರು ಸಾಲು ಇರುತ್ತವೆ. ಎರಡೆರಡು ಸಾಲು ಸೇರಿಸಿ ಕತ್ತರಿಸಿದರೆ ಹತ್ತು ಗುಳಿಯ ಮೂರು ತಟ್ಟೆ. ಒಂದರಲ್ಲಿ ಎಂಟು ಬೀಜ, ಇನ್ನೊಂದರಲ್ಲಿ ಏಳು. ಮೊದಲನೆಯದರಲ್ಲಿ ಎರಡು ಗುಳಿ ಖಾಲಿ ಇರುವುದು ಕಣ್ಣಿಗೆ ಕಾಣುತ್ತದೆ. ಏಳರಿಂದ ಎರಡು ತೆಗೆದು ಇಲ್ಲಿ ತುಂಬಿದರೆ ಒಂದು ತಟ್ಟೆ ಭರ್ತಿ, ಇನ್ನೊಂದರಲ್ಲಿ ಐದು. ಹದಿನೈದು ಯಾಕೆ ಹದಿನೈದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಕಡ್ಡಿಯ ಕಟ್ಟು ಆದಮೇಲೆ ದುಡ್ಡು. ಈ ಎರಡನ್ನೂ ಒಂದೇ ಅಂದುಕೊಳ್ಳುವುದು ಸರಿಯಲ್ಲ. ಕಟ್ಟಿನ ಒಳಗೆ ಹತ್ತು ಕಡ್ಡಿ ಕಾಣುತ್ತವೆ, ಅನುಮಾನ ಬಂದರೆ ಬಿಚ್ಚಿ ಎಣಿಸಬಹುದು. ಹತ್ತು ರೂಪಾಯಿ ನೋಟಿನ ಒಳಗೆ ಹತ್ತು ನಾಣ್ಯ ಕಾಣುವುದಿಲ್ಲ. ಹತ್ತು ಒಂದರ ನಾಣ್ಯ ಕೊಟ್ಟು ಒಂದು ನೋಟು ತಗೊಳ್ಳುವಾಗ ಮಗು ಒಂದು ಮಾತನ್ನು ನಂಬಬೇಕು. ಇದು ಒಂದೇ, ಆದರೆ ಹತ್ತಕ್ಕೆ ಸಮ ಅಂತ. ಆದರೂ ನೋಟಿನ ಬಣ್ಣ ಬೇರೆ, ಆಕಾರ ಬೇರೆ. ಗುರುತು ಹಿಡಿಯಲು ಏನೋ ಒಂದು ಇದೆ. ಕಾಗದದ ಮೇಲೆ ಬರುವ ಹೊತ್ತಿಗೆ ಅದೂ ಇಲ್ಲ. ಬಿಡಿ ಮನೆಯ 1, ಹತ್ತರ ಮನೆಯ 1 ನೋಡಲು ತದ್ರೂಪ. ಕೂತ ಜಾಗದಿಂದ ಮಾತ್ರ ಬೆಲೆ. ಇಷ್ಟು ದೊಡ್ಡ ವಿಚಾರವನ್ನು ಏಳು ವರ್ಷದ ಮಗುವಿಗೆ ಒಂದು ಪೀರಿಯಡ್‌ನಲ್ಲಿ ಹೇಳಿ ಮುಗಿಸುತ್ತೇವೆ, ಆಮೇಲೆ ಅರ್ಥವಾಗಿಲ್ಲ ಅಂತ ಬೈಯುತ್ತೇವೆ. ಮಗುವಿಗೆ ಇದು ಅನ್ಯಾಯ.

ಹೂವಿನ ಹುಡುಗಿಗೆ ನೋಟು ಗೊತ್ತು. ಅವಳಿಗೆ ಕಡ್ಡಿ ಬೇಕಾಗಲಿಲ್ಲ. ಪುಸ್ತಕದ 35ರ ಮೂರರ ಮೇಲೆ ಮೂರು ಹತ್ತರ ನೋಟು, ಐದರ ಮೇಲೆ ಐದು ನಾಣ್ಯ ಇಡು ಅಂದೆ. ಕೆಳಗೆ 45ಕ್ಕೂ ಹಾಗೇ. ನಾಣ್ಯ ಒಟ್ಟು ಮಾಡಿದಳು, ಹತ್ತು ಆಯಿತು. "ಇದಕ್ಕ ನೋಟು ಕೊಡ್ರಿ" ಅಂತ ಅವಳೇ ಕೈ ಚಾಚಿದಳು. ಕೊಟ್ಟೆ. ಆ ನೋಟನ್ನು ಎಲ್ಲಿ ಇಡುವುದು ಅಂತ ಅವಳು ನನ್ನನ್ನು ಕೇಳಲಿಲ್ಲ. ಬೇರೆ ನೋಟುಗಳ ಸಾಲಿನ ತಲೆಗೆ ಇಟ್ಟಳು. ಪುಸ್ತಕದಲ್ಲಿ ಚಿಕ್ಕ ಒಂದು ಬರೆಯುವ ಜಾಗವೂ ಅದೇ ಅಲ್ವಾ.

ಎಡಗಡೆಯಿಂದ ಶುರು ಮಾಡಿದರೆ

ಅವಳ ಬಾಯಿಲೆಕ್ಕವನ್ನು ಇನ್ನೊಮ್ಮೆ ನೋಡಿ. ಮೊದಲು ಮೂವತ್ತು, ನಲವತ್ತು. ಆಮೇಲೆ ಐದು, ಐದು. ದೊಡ್ಡದನ್ನು ಮೊದಲು ಕೂಡಿಸಿದಳು. ನೀವೂ ಅಂಗಡಿಯಲ್ಲಿ ಹೀಗೇ ಮಾಡುತ್ತೀರಿ. ಎಪ್ಪತ್ತರ ಮೇಲೆ ಸ್ವಲ್ಪ ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಏಳುನೂರು ಅನ್ನುವ ಉತ್ತರ ಬರುವುದು ಸಾಧ್ಯವೇ ಇಲ್ಲ. ಶಾಲೆಯ ಲೆಕ್ಕ ಬಲಗಡೆಯಿಂದ, ಬಿಡಿಯಿಂದ ಶುರುವಾಗುತ್ತದೆ. ಅದು ಕಾಗದದ ಮೇಲೆ ಅನುಕೂಲ, ಬರೆದದ್ದನ್ನು ಅಳಿಸಬೇಕಾಗಿಲ್ಲ. ಎಡದಿಂದ ಹೋದರೆ ಮೊದಲು 7 ಬರೆದು, ಬಿಡಿಯಲ್ಲಿ ಹತ್ತು ಆದಮೇಲೆ ಅದನ್ನು 8 ಮಾಡಬೇಕು.

ಹಿಂದಿನವರಿಗೆ ಅಳಿಸುವುದು ಕಷ್ಟವಿರಲಿಲ್ಲ. ಹಲಗೆಯ ಮೇಲೆ ಧೂಳು ಹರಡಿ ಅದರಲ್ಲಿ ಲೆಕ್ಕ ಮಾಡುತ್ತಿದ್ದರು. ಭಾಸ್ಕರಾಚಾರ್ಯರು 1150ರ ಲೀಲಾವತಿಯಲ್ಲಿ ಕೂಡುವುದನ್ನು ಹೇಳುವಾಗ, ಆಯಾ ಸ್ಥಾನದ ಅಂಕಿಗಳನ್ನು ಈ ಕಡೆಯಿಂದಲೋ ಆ ಕಡೆಯಿಂದಲೋ ಕೂಡಿಸಿ ಅನ್ನುತ್ತಾರೆ. ಎರಡಕ್ಕೂ ಒಪ್ಪಿಗೆ ಇದೆ. ಅವರ ಊರು ನಮ್ಮ ವಿಜಯಪುರ ಅಂತ ಕೆಲವರು, ಮಹಾರಾಷ್ಟ್ರದ ಚಾಳೀಸ್‌ಗಾಂವ್ ಹತ್ತಿರದ್ದು ಅಂತ ಕೆಲವರು ಹೇಳುತ್ತಾರೆ. ಈ ಮಕ್ಕಳ ಬದುಕು ಈಗ ಎರಡೂ ಸೀಮೆಯಲ್ಲಿ ಇದೆ. ಒಂಬೈನೂರು ವರ್ಷದ ಹಿಂದೆ ಸರಿಯಾಗಿದ್ದ ದಾರಿ ಇವರಿಗೆ ಯಾಕೆ ತಪ್ಪಾಗಬೇಕು? ವಿಜಯಪುರದ ಮಕ್ಕಳು ಸ್ಲೇಟಿಗೆ ಪಾಟಿ ಅನ್ನುತ್ತಾರೆ. ಪಾಟಿಯ ಮೇಲೆ ಬಳಪ ಕೊಟ್ಟು ಎಡದಿಂದಲೇ ಶುರು ಮಾಡಲು ಬಿಡಿ. 7ನ್ನು ಒರೆಸಿ 8 ಮಾಡುವಾಗ ಮಗುವಿಗೆ ಒಂದು ಹತ್ತು ಬಂದು ಸೇರಿದ್ದು ಕಾಣುತ್ತದೆ.

ಎಣಿಸುವುದು ಯಾವ ಭಾಷೆಯಲ್ಲಿ

ಮುಂಬಯಿಯ ಕನ್ನಡದ ಮನೆಗಳಲ್ಲಿ ಈಗ ಮಕ್ಕಳು ಸಂಖ್ಯೆಯನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳುತ್ತಾರೆ. ಅಪ್ಪ ಅಮ್ಮಂದಿರೂ ಅದೇ ಸಾಕು ಅಂದುಕೊಂಡಿದ್ದಾರೆ. ನಾನು ಇದಕ್ಕೆ ಒಪ್ಪುವುದಿಲ್ಲ. ಭಾಷೆಯ ಅಭಿಮಾನ ಬೇರೆ ಮಾತು, ಅದನ್ನು ಇಲ್ಲಿ ತರುವುದಿಲ್ಲ. ಲೆಕ್ಕದ ದೃಷ್ಟಿಯಿಂದಲೇ ಹೇಳುತ್ತೇನೆ. ಕನ್ನಡದಲ್ಲಿ ಅರವತ್ತಮೂರು ಅಂದಾಗ ಅರವತ್ತು ಮೊದಲು, ಮೂರು ಆಮೇಲೆ. ಬರೆಯುವುದೂ ಅದೇ ಕ್ರಮದಲ್ಲಿ. ಹದಿನೈದರಲ್ಲೂ ಹತ್ತು ಮೊದಲೇ ಬರುತ್ತದೆ. ತುಳುವಿನಲ್ಲೂ ಹಾಗೇ. ಮರಾಠಿಯ ತ್ರೇಸಷ್ಟದಲ್ಲಿ ಮೂರು ಮೊದಲು. ಹಿಂದಿಯಲ್ಲೂ ಮೂರೇ ಮೊದಲು. ಮೂರು ಕೇಳಿಸಿತು ಅಂತ ಮಗು ಮೊದಲು 3 ಬರೆಯುತ್ತದೆ, 63 ಹೋಗಿ 36 ಆಗುತ್ತದೆ.

ಮರಾಠಿಯವರಿಗೂ ಈ ಕಷ್ಟ ಗೊತ್ತು. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಎರಡನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಇಪ್ಪತ್ತೊಂದಕ್ಕೆ ಏಕವೀಸ್ ಜೊತೆಗೆ ವೀಸ್ ಏಕ್, ಅಂದರೆ ಇಪ್ಪತ್ತು ಒಂದು, ಅನ್ನುವ ಹೊಸ ರೀತಿಯನ್ನೂ ಕೊಟ್ಟರು. ಆಗ ಗಣಿತ ಸಮಿತಿಯ ಮುಖ್ಯಸ್ಥರಾಗಿದ್ದವರು ಮಂಗಳಾ ನಾರಳೀಕರ್. ದೊಡ್ಡ ಗಲಾಟೆಯೇ ಆಯಿತು. ಭಾಷೆ ಕೆಡುತ್ತದೆ ಅನ್ನುವವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಮಕ್ಕಳ ಕಷ್ಟ ನೋಡಿ ಹಾಗೆ ಮಾಡಿದ ಆ ಗಣಿತಜ್ಞೆಯ ಬಗ್ಗೆ ನನಗೆ ತುಂಬಾ ಗೌರವ. ನಮಗೆ ಆ ಜಗಳವೇ ಬೇಕಾಗಿಲ್ಲ. ಇಪ್ಪತ್ತೊಂದು ಆಗಲೇ ಇಪ್ಪತ್ತು ಮತ್ತು ಒಂದು. ಮನೆಯಲ್ಲಿ ಸುಮ್ನೆ ಕೂತಿರುವಾಗ, ತರಕಾರಿ ತರುವಾಗ, ಲೋಕಲ್ ಟ್ರೇನಿಗೆ ಕಾಯುವಾಗ ಕನ್ನಡದಲ್ಲಿ ಕೇಳಿ. ಮೂವತ್ತೆಂಟಕ್ಕೆ ಇಪ್ಪತ್ತೇಳು ಸೇರಿದರೆ ಎಷ್ಟು? ಶಾಲೆ ಯಾವ ಮಾಧ್ಯಮದ್ದಾದರೂ ಇರಲಿ. ಮೂವತ್ತು, ಇಪ್ಪತ್ತು, ಐವತ್ತು, ಎಂಟು, ಏಳು, ಹದಿನೈದು, ಅರವತ್ತೈದು. ಬಾಯಲ್ಲಿ ಹತ್ತು ಕಟ್ಟಿದ ಮಗು ಕಾಗದದ ಮೇಲೂ ಕಟ್ಟುತ್ತದೆ.

ಪರೀಕ್ಷೆ

"ಹಿಂಗ ಮಾಡಿದ್ರ ಶಾಲ್ಯಾಗ ಮಾರ್ಕ್ ಕೊಡ್ತಾರೇನ್ರಿ?" ಅಂತ ಆ ಹುಡುಗಿಯ ಅಮ್ಮ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎಡದಿಂದ ಮಾಡಿದ್ದಕ್ಕೆ, ಮೇಲೆ ಒಂದು ಬರೆಯದಿದ್ದಕ್ಕೆ ಅಂಕ ಕಳೆಯುವ ಶಾಲೆಗಳಿವೆ. ಹಾಗಾಗಿ ಮೇಲಿನ ಒಂದನ್ನೂ ಕಲಿಸಲೇಬೇಕು, ಆದರೆ ಕೊನೆಗೆ. ಮಧ್ಯದಲ್ಲಿ ಒಂದು ಮೆಟ್ಟಿಲು ಇಟ್ಟುಕೊಳ್ಳಿ. 38 ಮತ್ತು 27ರ ಕೆಳಗೆ ಮೊದಲ ಸಾಲಿನಲ್ಲಿ 50, ಎರಡನೇ ಸಾಲಿನಲ್ಲಿ 15, ಅದರ ಕೆಳಗೆ 65. ಒಂದಷ್ಟು ವಾರ ಇದೇ ನಡೆಯಲಿ. ಮಗುವಿಗೆ ಬೇಜಾರು ಬರುತ್ತದೆ, ಇಷ್ಟು ಯಾಕೆ ಬರೀಬೇಕು ಅನ್ನುತ್ತದೆ. ಆಗ ಹೇಳಿ, ಹದಿನೈದರ ಹತ್ತನ್ನು ಕೆಳಗೆ ಬರೆಯುವ ಬದಲು ಮೇಲೆ, ಹತ್ತುಗಳ ಜೊತೆ ಬರೆದರೆ ಒಂದು ಸಾಲು ಉಳಿಯುತ್ತದೆ ಅಂತ. ಆಗ ಆ ಒಂದು ಎಲ್ಲಿಂದ ಬಂತು ಅಂತ ಮಗುವಿಗೆ ಗೊತ್ತಿರುತ್ತದೆ.

ಕಳೆಯುವ ಲೆಕ್ಕ ಇದರ ಬೆನ್ನಿಗೇ ಬರುತ್ತದೆ. ಅಲ್ಲಿ ಕಟ್ಟನ್ನು ಬಿಚ್ಚಬೇಕು. ಮುಂಬಯಿಯಲ್ಲೇ ಹುಟ್ಟಿದ ಪ್ರಥಮ್ ಅನ್ನುವ ಶಿಕ್ಷಣ ಸಂಸ್ಥೆ ಹಳ್ಳಿ ಮಕ್ಕಳ ಓದು, ಲೆಕ್ಕ ನೋಡಲು ಮಾಡುವ ಅಸರ್ ಸಮೀಕ್ಷೆಯಲ್ಲಿ ಮಕ್ಕಳಿಗೆ ಕೊಡುವುದು ಇದೇ ಲೆಕ್ಕ, ದಶಕ ತೆಗೆದುಕೊಂಡು ಕಳೆಯುವ ಎರಡು ಅಂಕಿಯದು. 2024ರ ವರದಿಯ ಪ್ರಕಾರ ಹಳ್ಳಿಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಅದನ್ನು ಮಾಡಬಲ್ಲವರು ಶೇಕಡಾ 33.7. ಮೂವರಲ್ಲಿ ಒಬ್ಬರು. ಉಳಿದ ಇಬ್ಬರಲ್ಲಿ ಎಷ್ಟು ಮಕ್ಕಳು ಕಟ್ಟು ಕಟ್ಟದೆಯೇ ಬಿಚ್ಚಲು ಹೋದವರೋ ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ. ಅದಕ್ಕೇ ಈ ಸಲ ನಾವು ಕಳೆಯುವುದನ್ನು ಮುಂದಕ್ಕೆ ಹಾಕಿದ್ದೇವೆ. ದೀಪಾವಳಿ ರಜೆಯ ತನಕ ಬರೀ ಕೂಡುವುದು. ರಬ್ಬರ್ ಬ್ಯಾಂಡ್ ಹರಿದು ಹರಿದು ಖಾಲಿಯಾಗುತ್ತಿವೆ. ಯಾರ ಮನೆಯಲ್ಲಾದರೂ ಡಬ್ಬಿ ತುಂಬಾ ಇದ್ದರೆ ತಂದುಕೊಡಿ.